ಎದುರು ನಿಲ್ಲುವ ಜಾಗ

ನಮ್ಮವ್ವನಿಗೆ ಬ್ರೇಕು ಅಂದರೇನು ಅಂತ ಗೊತ್ತಿರಲಿಲ್ಲ. ಅವಳ ಕಾಲದ ಗಾಡಿಗಳಿಗೆ ಅದು ಬೇಕಾಗಿಯೂ ಇರಲಿಲ್ಲ. ಓಡುವ ಎತ್ತನ್ನು ನಿಲ್ಲಿಸಲು ಅವಳೊಬ್ಬಳೇ ಸಾಕಾಗಿದ್ದಳು. ಇದು ಮಗಳ ಜಂಬದ ಮಾತಲ್ಲ. ಕೊಳತ್ತೂರಿನ ಸುತ್ತಮುತ್ತ ವಯಸ್ಸಾದವರು ಯಾರಿದ್ದರೂ ಕೇಳಿ ನೋಡಿ, ನನಗಿಂತ ಜಾಸ್ತಿಯೇ ಹೇಳುತ್ತಾರೆ.

ನಮ್ಮ ಕಡೆ ಬೇಸಿಗೆಯಲ್ಲಿ ಮೇಟ್ಟೂರು ಡ್ಯಾಮಿನ ನೀರು ಹಿಂದಕ್ಕೆ ಹೋಗುತ್ತದೆ. ನೀರು ಬಿಟ್ಟುಹೋದ ಬಯಲು ಒಣಗಿ ಗಟ್ಟಿಯಾಗಿ, ಕಣ್ಣು ಹಾಯಿಸಿದಷ್ಟು ದೂರ ಸಪಾಟಾಗಿ ಬಿದ್ದಿರುತ್ತದೆ. ಮೇಲಿನ ಅಂಚಿನಲ್ಲಿ ನಾವು ಸೌತೆ, ಎಳ್ಳು, ರಾಗಿ ಹಾಕಿಕೊಳ್ಳುತ್ತೇವೆ. ಉಳಿದ ಬಯಲು ದನಕ್ಕೆ, ಮಕ್ಕಳಿಗೆ, ಮತ್ತೆ ಎತ್ತಿನ ಗಾಡಿ ಪಂದ್ಯಕ್ಕೆ. ಪಂದ್ಯದ ಗಾಡಿ ಅಂದರೆ ಹೊರೆ ಹೊರುವ ಗಾಡಿಯಲ್ಲ. ಎರಡು ಚಕ್ರ, ಒಂದು ಮೂಕಿ, ಒಬ್ಬ ಮನುಷ್ಯ ಕಾಲೂರಲು ಜಾಗ, ಅಷ್ಟೇ. ಅದಕ್ಕೆ ಕಟ್ಟಿದ ಎತ್ತು ಒಮ್ಮೆ ಬಿಟ್ಟರೆ ಗೆಲ್ಲುವ ಗೆರೆ ದಾಟಿದ ಮೇಲೂ ಓಡುತ್ತಲೇ ಇರುತ್ತವೆ. ಗೆರೆ ನಮಗೆ, ಎತ್ತಿಗೆ ಯಾವ ಗೆರೆ?

ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ. ಗೆರೆಯ ಆಚೆ, ಗಾಡಿ ಬರುವ ದಾರಿಯಲ್ಲೇ, ಆ ಮನೆಯ ಹೆಂಗಸು ನಿಲ್ಲಬೇಕು. ಕೈಯಲ್ಲಿ ಮೊರ, ಮೊರದಲ್ಲಿ ನೆನೆಸಿದ ಹತ್ತಿಬೀಜ, ಹಿಂಡಿ. ದಿನಾ ಮೇವು ಹಾಕುವ ಕೈ ಅದು. ಎತ್ತು ಅವಳನ್ನು ಕಂಡ ಕೂಡಲೇ ಓಟ ಸಡಿಲಿಸಿ, ನಡಿಗೆಗೆ ಬಂದು, ಮೊರಕ್ಕೆ ಮೂತಿ ಹಾಕಿ ನಿಂತುಬಿಡುತ್ತವೆ. ಇದಕ್ಕೆ ‘ಎದುರು ನಿಲ್ಲೋದು’ ಅನ್ನುತ್ತಿದ್ದೆವು. ಎದುರು ನಿಂತವಳಿಗೆ ಒಂದೇ ಕಟ್ಟುಪಾಡು: ಏನೇ ಆಗಲಿ ಅಲ್ಲಾಡಬಾರದು. ಅಲ್ಲಾಡಿದರೆ ಎತ್ತು ಬೆದರಿ ಅಡ್ಡಾದಿಡ್ಡಿ ನುಗ್ಗುತ್ತವೆ, ಗಾಡಿ ಮಗುಚುತ್ತದೆ, ಗಾಡಿಯಲ್ಲಿದ್ದವನ ಸೊಂಟ ಮುರಿಯುತ್ತದೆ.

ಅವ್ವ ಅಲ್ಲಾಡಿದವಳೇ ಅಲ್ಲ. ಅಪ್ಪ ಗಾಡಿ ಬಿಟ್ಟುಕೊಂಡು ಬರುತ್ತಿದ್ದರೆ ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಮೊರ ಎದೆಗೊತ್ತಿಕೊಂಡು ನಿಂತಳೆಂದರೆ ನಿಂತಳು. ಧೂಳು ಮೈಮೇಲೆ ಬಂದು, ಎತ್ತಿನ ಉಸಿರು ಮುಖಕ್ಕೆ ಬಡಿಯುವವರೆಗೂ ಹೆಜ್ಜೆ ಕದಲಿಸುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ನೋಡಿ ಬೆವರಿದ್ದೇನೆ. ಪಂದ್ಯ ಮುಗಿದ ಮೇಲೆ ಜನ ಅಪ್ಪನನ್ನು ಹೊಗಳುವುದು ಬಿಟ್ಟು ಅವ್ವನನ್ನು ಹೊಗಳುತ್ತಿದ್ದರು. ಅಪ್ಪನಿಗೆ ಅದೇ ಖುಷಿ. ‘ನಾನ್ ಓಡ್ಸೋದೇನ್ ದೊಡ್ಡ ಕೆಲ್ಸ, ಅವ್ಳು ನಿಲ್ಸ್ತಾಳೆ ಅಂತ ಧೈರ್ಯ ಇರಾದ್ಕೆ ಬಿಡ್ತೀನಿ’ ಅನ್ನುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಎತ್ತು ಮಾರಿದೆವು. ನನ್ನನ್ನು ಸೇಲಂಗೆ ಮದುವೆ ಮಾಡಿಕೊಟ್ಟಾಗಿತ್ತು. ಮನೆಮಾತು ಕನ್ನಡವಾದರೂ ಊರು ತಮಿಳುನಾಡಿನದು, ನಾನು ಓದಿದ್ದೆಲ್ಲ ತಮಿಳಿನಲ್ಲಿ. ಈ ಕನ್ನಡ ಅಕ್ಷರ ಕಲಿಸಿದ್ದು ನನ್ನ ಅತ್ತೆ, ಮಾದೇಶ್ವರನ ಬೆಟ್ಟದ ಕಡೆಯ ಹೆಣ್ಣು. ತಪ್ಪಿದ್ದರೆ ಅವಳನ್ನು ಬೈಯಿರಿ, ನನ್ನನ್ನಲ್ಲ. ಊರಿನ ಮನೆಯಲ್ಲಿ ಅವ್ವ ಮತ್ತು ನನ್ನ ತಮ್ಮ, ಇಬ್ಬರೇ. ತಮ್ಮ ಮೇಟ್ಟೂರಿನ ಒಂದು ಮೆಕ್ಯಾನಿಕ್ ಶೆಡ್ಡಿಗೆ ಹೋಗುತ್ತಿದ್ದ. ಮಾತು ಕಮ್ಮಿ, ಕೈ ಚುರುಕು. ಕೆಟ್ಟ ಬೈಕಿನ ಸದ್ದು ಕೇಳಿದರೆ ಊಟ ಬಿಟ್ಟು ಏಳುವ ಜಾತಿ. ಯಾರೋ ತೂಕಕ್ಕೆ ಹಾಕಬೇಕೆಂದಿದ್ದ ನೂರು ಸಿಸಿ ಬೈಕೊಂದನ್ನು ತಂದು, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಅದು ಕಿರುಚಿಕೊಂಡು ಓಡುವ ಹಾಗೆ ಮಾಡಿದ್ದ. ಕೊಳತ್ತೂರು ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಶೆಡ್ಡು ಹಾಕಬೇಕು ಅನ್ನುವುದು ಅವನ ಕನಸು.

ತೊಂಬತ್ತರ ಆಚೆ ಒಂದೆರಡು ವರ್ಷದಲ್ಲಿ ನಮ್ಮ ಕಡೆ ಹುಡುಗರ ಕೈಗೆಲ್ಲ ಬೈಕು ಬಂದುಬಿಟ್ಟಿತು. ಎತ್ತು ಸಾಕುವವರು ಕಮ್ಮಿಯಾದರು. ಊರ ಹುಡುಗರ ಮನ್ರದವರು, ಅಂದರೆ ಸಂಘದವರು, ಆ ಬೇಸಿಗೆ ಅದೇ ಬಯಲಲ್ಲಿ ಬೈಕು ಪಂದ್ಯ ಇಡುವುದಾಗಿ ಸಾರಿದರು. ಇಬ್ಬಿಬ್ಬರೇ ಓಡಬೇಕು, ನೇರ ದಾರಿ, ತಿರುವಿಲ್ಲ, ಗೆದ್ದವನು ಇನ್ನೊಬ್ಬ ಗೆದ್ದವನ ಜೊತೆ ಓಡಬೇಕು. ಕೊನೆಗೆ ಉಳಿದವನಿಗೆ ಬಹುಮಾನ ದೊಡ್ಡ ಎವರ್‌ಸಿಲ್ವರ್ ಅಂಡೆ, ನೀರು ತುಂಬುವ ಸ್ಟೀಲ್ ಹಂಡೆ. ಮನ್ರದ ತಲೈವರು, ಅಂದರೆ ಅಧ್ಯಕ್ಷರು, ನಮ್ಮ ಸೋದರಮಾವ, ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಬಿಳಿ ಪಂಚೆ, ಜೇಬಲ್ಲಿ ಬಾಚಣಿಗೆ, ಮೈಕು ಕಂಡರೆ ಬಿಡದ ಬಾಯಿ.

ಮಕ್ಕಳ ಶಾಲೆ ರಜೆಗೆಂದು ನಾನು ಆಗ ಊರಿಗೆ ಬಂದಿದ್ದೆ. ಬಂದ ಸಾಯಂಕಾಲವೇ ತಮ್ಮ ‘ಬಾಕ್ಕ, ಗಾಡಿ ತೋರ್ಸ್ತೀನಿ’ ಅಂತ ಬಯಲಿಗೆ ಕರಕೊಂಡು ಹೋದ. ಸುಣ್ಣದ ಗೆರೆ ಎರಡೂ ಆಗಲೇ ಹಾಕಿದ್ದರು, ಹೊರಡುವ ಗೆರೆ ಒಂದು, ಗೆಲ್ಲುವ ಗೆರೆ ಒಂದು. ನಾನು ಗೆಲ್ಲುವ ಗೆರೆಯ ಹತ್ತಿರ ನಿಂತೆ. ಅವನು ಆ ತುದಿಯಿಂದ ಬಿಟ್ಟ ನೋಡಿ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಗೆರೆ ದಾಟಿದ್ದು ಕಂಡೆ. ದಾಟಿದ ಮೇಲೆ, ಅಲ್ಲಿ ಹಾಕಿದ್ದ ಚಪ್ಪರದ ಪಕ್ಕದಿಂದ ಹೋದ, ಹೋದ, ಹೋಗುತ್ತಲೇ ಇದ್ದ. ಕೊನೆಗೆ ನಮ್ಮ ಸೌತೆ ತೋಟದ ಬೇಲಿ ಇನ್ನೇನು ಮುಟ್ಟಬೇಕು ಅನ್ನುವಾಗ ನಿಂತ.

ನನಗೆ ಈ ವಿಷಯದಲ್ಲಿ ಸ್ವಲ್ಪ ಅನುಭವ ಇತ್ತು. ಹೇಳಲು ನಾಚಿಕೆಯೇನಿಲ್ಲ. ಸೇಲಂನಲ್ಲಿ ನನ್ನ ಯಜಮಾನರ ಮೊಪೆಡ್ ಕಲಿಯುತ್ತೇನೆ ಅಂತ ಹಠ ಹಿಡಿದು, ಇಳಿಜಾರಿನಲ್ಲಿ ಬ್ರೇಕು ಹಿಡಿದರೂ ಗಾಡಿ ನಿಲ್ಲದೆ, ಜವ್ವರಿಸಿ ಮಿಲ್ಲಿನವರು ಸಬ್ಬಕ್ಕಿ ಒಣಹಾಕಿದ್ದ ಅಂಗಳಕ್ಕೆ ಸೀದಾ ನುಗ್ಗಿದ್ದೆ. ಹಸಿ ಸಬ್ಬಕ್ಕಿ ತಲೆಯಿಂದ ಕಾಲಿನವರೆಗೂ ಅಂಟಿಕೊಂಡಿತ್ತು. ಅಂಗಳದ ಹೆಂಗಸರು ನನ್ನನ್ನು ಎಬ್ಬಿಸುವ ಮೊದಲು ಕೂತು ಹೊಟ್ಟೆ ತುಂಬ ನಕ್ಕರು. ಅವತ್ತಿನಿಂದ ನನಗೆ ಒಂದು ತಿಳಿವಳಿಕೆ ಬಂದಿತ್ತು: ಗಾಡಿಗೆ ಹೊರಡುವುದಕ್ಕೆ ಎಷ್ಟು ಜಾಗ ಬೇಕೋ ನಿಲ್ಲುವುದಕ್ಕೂ ಅಷ್ಟೇ ಬೇಕು.

ಆ ತಿಳಿವಳಿಕೆಯ ಕಣ್ಣಲ್ಲಿ ನೋಡಿದರೆ ಮನ್ರದವರ ಏರ್ಪಾಡು ಹೇಗಿತ್ತು ಗೊತ್ತೇ? ಗೆಲ್ಲುವ ಗೆರೆಯ ಆಚೆ, ದಾರಿಯ ನಟ್ಟನಡುವೆ, ತಣ್ಣೀರ್ ಪಂದಲ್, ಅಂದರೆ ಕುಡಿಯುವ ನೀರಿನ ಚಪ್ಪರ, ಹಾಕಿದ್ದರು. ಪಾನಕದ ಕೊಡ, ನೀರಿನ ಮಡಕೆ, ಮೈಕಿನ ಕಂಬ, ತಮಟೆಯವರಿಗೆ ಚಾಪೆ. ಪಂದಲ್ಲಿನ ಮುಂದೆ ಆಟಗಾರರ ಮನೆಯ ಹೆಂಗಸರು ಸಾಲಾಗಿ ನಿಲ್ಲಲು ಸುಣ್ಣದ ಗುರುತು ಬೇರೆ. ಪಂದ್ಯ ಬದಲಾಗಿತ್ತು, ಪದ್ಧತಿ ಬದಲಾಗಿರಲಿಲ್ಲ. ಎತ್ತಿನ ಪಂದ್ಯದಲ್ಲಿ ಎದುರು ನಿಲ್ಲುವ ಜಾಗ ಎಲ್ಲಿತ್ತೋ ಬೈಕಿಗೂ ಅಲ್ಲೇ ಇಟ್ಟಿದ್ದರು.

ನಾನು ಸುಮ್ಮನಿರುವ ಹೆಂಗಸಲ್ಲ. ಸೀದಾ ಮಾವನ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಮೈಕಿನಲ್ಲಿ ಹೇಳಬೇಕಾದ್ದನ್ನು ತಮಿಳಿನಲ್ಲಿ ಬಾಯಿಪಾಠ ಮಾಡುತ್ತಿದ್ದರು.

‘ಮಾವ, ಗೆರೆ ದಾಟಿದ್ ಮೇಲೆ ಗಾಡಿಗಳು ಎಲ್ ನಿಲ್ತವೆ?’ ಅಂದೆ.

‘ಇದೇನ್ ತಾಯಿ ಇಂಗ್ ಕೇಳ್ತೀಯ? ಎದುರ್ ನಿಲ್ಲೋ ಜಾಗ ಐತಲ್ಲ. ನಿಮ್ಮವ್ವಂಗೇ ಮೊದಲ್ನೇ ಜಾಗ ಕೊಟ್ಟಿವ್ನಿ.’

‘ಅದು ಎತ್ತಲ್ಲ ಮಾವ. ಬೈಕು. ಅದ್ಕೆ ಕಣ್ಣಿಲ್ಲ.’

‘ಓಡ್ಸೋವ್ನಿಗೆ ಕಣ್ಣೈತಲ್ಲ! ಎಲ್ಲಾಂ ಪಾತ್ತುಕ್ಕಲಾಂ, ಒಣ್ಣುಂ ಆಗಾದು ಹೋಗು’ ಅಂದರು. ಎಲ್ಲ ನೋಡಿಕೊಳ್ಳೋಣ, ಏನೂ ಆಗುವುದಿಲ್ಲ ಅಂತ. ನಮ್ಮ ಮಾವ ಏನೂ ಆಗೋಲ್ಲ ಅನ್ನಬೇಕಾದಾಗೆಲ್ಲ ತಮಿಳಿಗೆ ಇಳಿಯುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಮನ್ರದ ಹುಡುಗರು ಸುತ್ತ ನಿಂತು ನಗುತ್ತಿದ್ದರು. ಒಬ್ಬ ‘ಅಕ್ಕಂಗೆ ಸಬ್ಬಕ್ಕಿ ನೆಪ್ಪಾಗೈತೆ’ ಅಂದ. ಆ ಕಥೆ ಇಲ್ಲಿವರೆಗೂ ಬಂದಿತ್ತು, ನೋಡಿ.

ಮನೆಗೆ ಬಂದರೆ ಅವ್ವ ಬೇರೆ ಲೋಕದಲ್ಲಿದ್ದಳು. ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿದ್ದರೆ, ಅವಳು ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಗಾಳಿಗೆ ಹರವಿದ್ದಳು. ಅಪ್ಪ ಕೊನೆಯ ಸಲ ಗೆದ್ದಾಗ ತಂದುಕೊಟ್ಟಿದ್ದ ಸೀರೆ. ಅಷ್ಟು ವರ್ಷ ಅದನ್ನು ಉಟ್ಟಿರಲಿಲ್ಲ. ಅವಳ ಮುಖದಲ್ಲೇ ಒಂದು ಕಳೆ ಬಂದಿತ್ತು. ಅಪ್ಪ ಹೋದ ಮೇಲೆ ಅವಳಿಗೆ ಆ ಬಯಲಿಗೆ ಹೋಗಲು ಕಾರಣವೇ ಇರಲಿಲ್ಲ. ಈಗ ಮಗನಿಂದಾಗಿ ಬಂದಿತ್ತು.

ಆದರೂ ಹೇಳಿದೆ. ‘ಅವ್ವ, ನಾಳೆ ನೀನ್ ಅಲ್ ನಿಲ್ಬೇಡ. ಪಕ್ಕದಾಗ್ ನಿಂತ್ಕೊ.’

‘ಪಕ್ಕದಾಗ್ ನಿಂತ್ರೆ ಎದುರ್ ನಿಂತಂಗಾಯ್ತಾ? ನನ್ ಕಂಡು ಮೂಕ್ ಪ್ರಾಣಿ ನಿಂತವೆ. ಹೆತ್ ಮಗ ನಿಲ್ಲಾಕಿಲ್ವಾ?’

‘ಅವ್ನು ನಿಲ್ತಾನೆ ಕಣವ್ವ, ಗಾಡಿ ನಿಲ್ಲಾಕಿಲ್ಲ!’

‘ಏಯ್ ಓಗಮ್ಮಿ, ಪ್ಯಾಟೆಗ್ ಓಗಿ ಎದ್ರುಪುಕ್ಲಿ ಆಗ್ಬುಟ್ಟಿದ್ದೀಯ’ ಅಂದು ಮುದ್ದೆ ತಿರುವಲು ಕೂತಳು.

ತಮ್ಮನನ್ನು ಹಿಡಿದೆ. ಅವನಿಗೂ ಒಳಗೊಳಗೆ ಭಯವಿತ್ತು, ಮುಖದಲ್ಲೇ ಕಾಣುತ್ತಿತ್ತು. ‘ಯೋಳ್ದೆ ಅಕ್ಕ. ಸರಿ ಕಣ್ಲಾ ಅಂದ್ಲು’ ಅಂದ. ಅವ್ವ ಸರಿ ಕಣ್ಲಾ ಅಂದರೆ ಅವಳು ಕೇಳಿಸಿಕೊಳ್ಳಲಿಲ್ಲ ಅಂತ ಅರ್ಥ. ಇದು ಗೊತ್ತಿರಲು ನಮ್ಮ ಮನೆಯಲ್ಲೇ ಹುಟ್ಟಿರಬೇಕು. ‘ಗೆದ್ರೆ ಶೆಡ್ಡಿಗೆ ಗಾಡಿಗಳು ತಾವೇ ಬತ್ತವೆ ಅಕ್ಕ’ ಅಂದ ಮೆತ್ತಗೆ. ನಾನು ಅವನ ತಲೆಗೊಂದು ಮೊಟಕಿ ಊಟಕ್ಕೆ ಎಬ್ಬಿಸಿದೆ.

ಮಾರನೇ ದಿನ ಬಯಲು ತುಂಬಿ ಹೋಗಿತ್ತು. ಆಚೆ ಊರುಗಳಿಂದ, ಮಾರಂಡಹಳ್ಳಿ ಕಡೆಯ ನೆಂಟರ ಮನೆಗಳಿಂದಲೂ ಜನ ಬಂದಿದ್ದರು. ಐಸ್ ಗಾಡಿ, ಮುರುಕಿನ ಬುಟ್ಟಿ, ಲೌಡ್ ಸ್ಪೀಕರಿನಲ್ಲಿ ಮಾವನ ಗಂಟಲು. ಎದುರು ನಿಲ್ಲುವ ಜಾಗದಲ್ಲಿ ಹೆಂಗಸರ ಸಾಲು, ಒಬ್ಬೊಬ್ಬರ ಕೈಯಲ್ಲೂ ಮೊರ. ಮೊರದಲ್ಲಿ ಹತ್ತಿಬೀಜದ ಬದಲು ಹಾರ, ಎಳನೀರು, ಆರತಿ. ಮೊರವೇ ಯಾಕೆ, ತಟ್ಟೆ ಸಾಲದಾ ಅಂತ ಒಬ್ಬಳನ್ನು ಕೇಳಿದೆ. ‘ಮೊರ ಇಲ್ದೆ ಹೆಂಗ್ ಗುರ್ತ್ ಹಿಡೀತಾನಕ್ಕ?’ ಅಂದಳು. ಅವಳ ಗಂಡನಿಗೆ ಅವಳ ಗುರುತು ಹಿಡಿಯಲು ಮೊರ ಬೇಕಂತೆ! ನನಗೆ ಕೋಪದಲ್ಲೂ ನಗು ಬಂತು.

ಮೊದಲ ಜೋಡಿ ಬಂತು. ಗೆರೆ ದಾಟಿದ ಎರಡು ಬೈಕೂ ಧೂಳು ಎಬ್ಬಿಸಿಕೊಂಡು ಹೆಂಗಸರ ಮೇಲೆಯೇ ಬಂದವು. ಸಾಲು ‘ಅಯ್ಯಯ್ಯೋ’ ಅಂತ ಚೆದುರಿತು. ಹಾರ ಒಂದು ಕಡೆ, ಆರತಿ ಒಂದು ಕಡೆ. ಒಬ್ಬ ಸವಾರ ಪಾನಕದ ಕೊಡ ಉರುಳಿಸಿಕೊಂಡೇ ಹೋದ. ತಮಟೆಯವನು ತಮಟೆ ಸಮೇತ ನಮ್ಮ ಸೌತೆ ತೋಟದವರೆಗೂ ಓಡಿ, ಅಲ್ಲಿಂದಲೇ ಎರಡೇಟು ಬಾರಿಸಿದ. ಜನ ಹೋ ಅಂತ ನಕ್ಕರು. ಮಾವ ಮೈಕಿನಲ್ಲಿ ‘ನಮ್ಮ ತಾಯ್ಮಾರ್ಗಳು ಕೂಡ ಎಷ್ಟು ಸ್ಪೀಡು ನೋಡಿ!’ ಅಂದರು. ಮತ್ತಷ್ಟು ನಗು. ಯಾರಿಗೂ ಪೆಟ್ಟಾಗಿರಲಿಲ್ಲ, ಅದಕ್ಕೇ ಯಾರಿಗೂ ಬುದ್ಧಿ ಬರಲಿಲ್ಲ. ಹೆಂಗಸರು ಸೀರೆ ಕೊಡವಿಕೊಂಡು ಬಂದು ಮತ್ತೆ ಅದೇ ಸಾಲಿನಲ್ಲಿ ನಿಂತರು. ಆಟದ ಒಂದು ಭಾಗ ಅದು ಅಂದುಕೊಂಡಿದ್ದರು.

ನಾನು ಮಾತ್ರ ಬೇರೆಯದೇ ಒಂದನ್ನು ನೋಡಿದೆ. ಸಾಲೆಲ್ಲ ಚೆದುರಿದಾಗ ಹಸಿರು ಸೀರೆ ಒಂದು ನಿಂತ ಜಾಗದಲ್ಲೇ ನಿಂತಿತ್ತು. ಬೈಕು ಅವಳ ಪಕ್ಕದಲ್ಲೇ ಹಾದುಹೋಗಿತ್ತು. ಅವ್ವ ಕಣ್ಣು ಕೂಡ ಮಿಟುಕಿಸಿರಲಿಲ್ಲ. ಉಳಿದ ಹೆಂಗಸರಾದರೆ ಹೆದರಿ ಓಡುವ ಬುದ್ಧಿ ಇಟ್ಟುಕೊಂಡಿದ್ದರು. ನಮ್ಮವ್ವನಿಗೆ ಆ ಬುದ್ಧಿಯೇ ಇರಲಿಲ್ಲ. ಅಲ್ಲಾಡಬಾರದು ಅನ್ನುವುದು ಅವಳ ಮೂಳೆಗೆ ಇಳಿದಿತ್ತು.

ತಮ್ಮ ತನ್ನ ಮೊದಲ ಓಟ ಗೆದ್ದ. ಅವನು ದಾರಿಯ ಆಚೆ ಬದಿಯಲ್ಲಿದ್ದ, ಅವ್ವ ಈಚೆ. ದೇವರು ದೊಡ್ಡವನು. ಎರಡನೆಯದನ್ನೂ ಗೆದ್ದ, ಆಗಲೂ ಆಚೆಯ ಬದಿಯೇ ಸಿಕ್ಕಿತ್ತು. ಕೊನೆಯ ಓಟಕ್ಕೆ ಉಳಿದವರು ಇಬ್ಬರು, ನಮ್ಮ ತಮ್ಮ ಮತ್ತು ಮೇಟ್ಟೂರಿನ ಒಬ್ಬ ಹುಡುಗ. ಚೀಟಿ ಎತ್ತಿದರು. ತಮ್ಮನಿಗೆ ಈಚೆಯ ಬದಿ ಬಂತು. ಅವ್ವ ತನ್ನ ಮಗನ ದಾರಿ ಇದೇ ಅಂತ ತಿಳಿದು, ಇನ್ನೂ ಒಂದಿಷ್ಟು ನಡುವಿಗೆ ಸರಿದು, ಸರಿಯಾಗಿ ಅವನ ನೇರಕ್ಕೆ ನಿಂತಳು.

ನಾನು ಜನರನ್ನು ತಳ್ಳಿಕೊಂಡು ಓಡಿದೆ. ಅವ್ವನ ರಟ್ಟೆ ಹಿಡಿದು ಎಳೆದೆ. ಕಲ್ಲು ಕಂಬ ಎಳೆದಂತಾಯಿತು. ‘ಬಾರವ್ವ, ನಿನ್ ಕಾಲಿಗ್ ಬೀಳ್ತೀನಿ, ಬಾ’ ಅಂದೆ. ‘ಸುಮ್ಕಿರು, ಕೈ ಬಿಡು, ಎದ್ರುಕೊಂಡಾವು’ ಅಂದಳು ಹಲ್ಲು ಕಚ್ಚಿ. ಹೆದರಿಕೊಂಡಾವು ಅಂತೆ! ಅವಳ ಕಣ್ಣಿಗೆ ಅಲ್ಲಿ ಬೈಕು ಇರಲೇ ಇಲ್ಲ. ಆ ಕಡೆ ಬಾವುಟ ಇಳಿಯಿತು, ಎರಡು ಗಾಡಿಯೂ ಒಟ್ಟಿಗೆ ಕಿರುಚಿದವು. ನಾನು ಅವಳ ಕೈ ಬಿಡಲಿಲ್ಲ. ಬಿಟ್ಟು ಓಡಬೇಕು ಅನ್ನಿಸಿತು, ನಿಜ ಹೇಳುತ್ತೇನೆ, ಕಾಲು ಬರಲಿಲ್ಲ.

ತಮ್ಮ ಮುಂದಿದ್ದ. ಕಣ್ಣಾರೆ ಕಂಡೆ, ಆ ಹುಡುಗನಿಗಿಂತ ಒಂದು ಗಾಡಿಯ ಉದ್ದ ಪೂರ್ತಿ ಮುಂದಿದ್ದ. ಗೆಲ್ಲುವ ಗೆರೆ ಇನ್ನು ಇಷ್ಟೇ ಇಷ್ಟು ದೂರ. ಅಷ್ಟರಲ್ಲಿ ಅವನ ಗಾಡಿಯ ಸದ್ದು ಸತ್ತಿತು. ಗಾಡಿ ಕೆಟ್ಟಿತು ಅಂದುಕೊಂಡೆ. ಕೆಟ್ಟಿರಲಿಲ್ಲ. ಅವನೇ ಆಕ್ಸಿಲರೇಟರ್ ಬಿಟ್ಟು ಬ್ರೇಕು ತುಳಿದಿದ್ದ. ಹಿಂದಿನ ಚಕ್ರ ಆ ಕಡೆ ಈ ಕಡೆ ಓಲಾಡಿ, ಬೈಕು ಮಲಗಿ, ಅವನೂ ಅದೂ ಧೂಳಿನಲ್ಲಿ ಜಾರಿಕೊಂಡು ಬಂದು ಗೆರೆ ದಾಟದೆ ಹತ್ತಿರದಲ್ಲೇ ನಿಂತರು. ಮೇಟ್ಟೂರಿನ ಹುಡುಗ ಅವನ ಪಕ್ಕದಲ್ಲಿ ಸುಂಯ್ ಅಂತ ಹಾದು, ಗೆರೆ ದಾಟಿ, ಖಾಲಿಯಾಗಿದ್ದ ಪಂದಲ್ಲಿನ ಒಂದು ಕಂಬ ಕಿತ್ತುಕೊಂಡು, ನಮ್ಮ ಸೌತೆ ತೋಟಕ್ಕೆ ನುಗ್ಗಿ, ಬಳ್ಳಿಯ ಮಧ್ಯೆ ನಿಧಾನವಾಗಿ ಪಕ್ಕಕ್ಕೆ ಉರುಳಿದ. ಎದ್ದು ನಿಂತವನ ಹೆಲ್ಮೆಟ್ಟಿನ ಮೇಲೆ ಬಳ್ಳಿ ಸುತ್ತಿತ್ತು. ಗೆದ್ದವನು ಅವನೇ.

ತಮ್ಮನ ಮಂಡಿ, ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು, ಬೇರೇನೂ ಆಗಿರಲಿಲ್ಲ. ಜನ ಸುಮ್ಮನಿರುತ್ತಾರೆಯೇ? ‘ಬಯಂದಾಂಗೊಳ್ಳಿ! ಬಯಂದಾಂಗೊಳ್ಳಿ!’ ಅಂತ ಹೇಡಿ ಅನ್ನುವ ಮಾತನ್ನು ಹಾಡು ಮಾಡಿ ಕೂಗಿದರು. ಅವ್ವ ಅಂತೂ ಆಗ ಅಲ್ಲಾಡಿದಳು. ಸರಸರ ಹೋಗಿ ಅವನೆದುರು ನಿಂತು, ಬೈದಳು.

‘ಯಾಕ್ಲಾ ನಿಲ್ಸ್ದೆ? ಮುಂದಿದ್ದಲ್ಲೋ ಮೂದೇವಿ! ಗೆರೆ ಕಣ್ಗ್ ಕಾಣ್ನಿಲ್ವಾ? ಇಷ್ಟ್ ಜನದ್ ಮುಂದೆ ಮಾನ ಕಳ್ದಲ್ಲೋ!’

ತಮ್ಮ ಕೂತಲ್ಲಿಂದಲೇ ತಲೆಯೆತ್ತಿ ನೋಡಿದ. ‘ಗೆರೆ ಕಾಣ್ತು ಕಣವ್ವ. ಅದ್ರ್ ಇಂದ್ಗಡೇನೆ ನೀನ್ ನಿಂತಿದ್ಯಲ್ಲ’ ಅಂದ. ಹಿಂದೆಯೇ ನೀನು ನಿಂತಿದ್ದೆಯಲ್ಲ ಅಂತ. ‘ಗೆರೆ ದಾಟಿ ಬ್ರೇಕ್ ಹಾಕಿದ್ರೆ ಗಾಡಿ ನಿನ್ ಮ್ಯಾಲೆ ಬಂದು ನಿಲ್ತಿತ್ತು.’

ಅವ್ವ ಗೆರೆ ನೋಡಿದಳು, ತಾನು ನಿಂತಿದ್ದ ಜಾಗ ನೋಡಿದಳು, ಮೇಟ್ಟೂರಿನ ಹುಡುಗನ ಚಕ್ರ ಕೊರೆದುಕೊಂಡು ಹೋಗಿದ್ದ ಗುರುತು ನೋಡಿದಳು. ಆ ಗುರುತು ಅವಳು ನಿಂತಿದ್ದ ಕಡೆಯಿಂದ ಆಚೆ ಎಷ್ಟೋ ದೂರ ಹೋಗಿತ್ತು. ಅಲ್ಲೇ ಕುಕ್ಕರಗಾಲಲ್ಲಿ ಕೂತು, ಹಸಿರು ಸೀರೆಯ ಸೆರಗಿನಿಂದ ಅವನ ಮಂಡಿಯ ಮಣ್ಣು ಒರೆಸತೊಡಗಿದಳು. ನಾನು ಇಬ್ಬರನ್ನೂ ಬೈದುಕೊಂಡು, ಅತ್ತುಕೊಂಡು, ನಗುತ್ತ ನಿಂತಿದ್ದೆ. ಮೂರೂ ಒಟ್ಟಿಗೆ ಬಂದವು, ಏನು ಮಾಡಲಿ.

ಅಂಡೆ ಮೇಟ್ಟೂರಿಗೆ ಹೋಯಿತು. ಶೆಡ್ಡಿನ ಮಾತನ್ನು ತಮ್ಮ ಮತ್ತೆ ಎತ್ತಲಿಲ್ಲ. ಹೇಡಿ ಅನ್ನಿಸಿಕೊಂಡವನ ಕೈಗೆ ಯಾರು ಗಾಡಿ ಕೊಡುತ್ತಾರೆ ಅಂತ ಅವನ ಎಣಿಕೆ. ಅವ್ವ ಹಸಿರು ಸೀರೆ ಒಗೆದು ಮಡಚಿ ಪೆಟ್ಟಿಗೆಗೆ ಹಾಕಿದಳು. ನಾನು ಸೇಲಂ ಬಸ್ಸು ಹತ್ತಿದ ಮೇಲೆ ಕಿಟಕಿಯ ಹತ್ತಿರ ಬಂದು, ‘ನೀನ್ ಯೋಳಿದ್ದೆ, ನಾನ್ ಕೇಳ್ನಿಲ್ಲ’ ಅಂದಳು. ನಮ್ಮವ್ವನ ಬಾಯಲ್ಲಿ ಅಂಥ ಮಾತು ಬಂದದ್ದು ನಾನು ಅದೊಂದೇ ಸಲ ಕೇಳಿದ್ದು. ಬಸ್ಸಿನ ಕಂಡಕ್ಟರ್ ಸಾಕ್ಷಿ.

ಮುಂದಿನ ಬೇಸಿಗೆ ನೀರು ಇಳಿಯುವ ಹೊತ್ತಿಗೆ ಊರಿನ ಎಸ್‌ಟಿಡಿ ಬೂತಿನಿಂದ ತಮ್ಮ ನಮ್ಮ ಪಕ್ಕದ ಮನೆಗೆ ಫೋನು ಮಾಡಿದ. ‘ಅಕ್ಕ, ಅವ್ವಂಗೆ ಏನೋ ಆಗೈತೆ, ಬಂದು ನೋಡು’ ಅಂದ. ಗಾಬರಿಯಾಗಿ ಓಡಿದೆ. ಹೋಗಿ ನೋಡಿದರೆ ಅವ್ವ ಗುಂಡುಕಲ್ಲಿನ ಹಾಗಿದ್ದಳು. ಆಗಿದ್ದದ್ದು ಇಷ್ಟು: ಆ ವರ್ಷ ಅವಳು ಸೌತೆ ಹಾಕಿರಲಿಲ್ಲ. ಬಾಡಿಗೆ ನೇಗಿಲು ಹೇಳಿ, ನಮ್ಮ ತೋಟದ ಜಾಗವನ್ನೆಲ್ಲ ಆಳವಾಗಿ ಉಳುಮೆ ಮಾಡಿಸಿ, ಬೀಜ ಹಾಕದೆ ಹಾಗೇ ಬಿಟ್ಟಿದ್ದಳು. ‘ನಿಲ್ದೇ ಓದೋರು ಇದ್ರಾಗ್ ಸಿಕ್ಕ್ ಆಕ್ಕೊಳ್ಳಿ, ಮೆತ್ಗೈತೆ’ ಅಂದಳು. ಅಷ್ಟೇ ಅಲ್ಲ. ಗೆರೆಯಿಂದ ಉತ್ತ ನೆಲದವರೆಗೆ ಒಂದು ಕೊಡ, ಒಂದು ಕಂಬ ಇರಕೂಡದು, ಹೆಂಗಸಾಗಲಿ ಗಂಡಸಾಗಲಿ ನಿಲ್ಲಕೂಡದು ಅಂತ ತನ್ನ ತಮ್ಮನಿಗೆ ತಾಕೀತು ಮಾಡಿದ್ದಳು.

ಮಾವ ‘ಅಕ್ಕ, ಎದುರ್ ನಿಲ್ಲೋದ್ ಬಿಟ್ರೆ ಪಂದ್ಯಕ್ಕೆ ಕಳೆ ಎಲ್ ಬತ್ತದೆ?’ ಅಂದರಂತೆ. ‘ಕಳೆ ಬೇಕಾದ್ರೆ ನೀನ್ ನಿಂತ್ಕೊ ಓಗು, ನಾನೇ ಗಾಡಿ ಬಿಟ್ಕೊಂಡ್ ಬತ್ತೀನಿ’ ಅಂದಳಂತೆ ಅವ್ವ. ಮಾವ ತಮಿಳಿನಲ್ಲೂ ಏನೂ ಹೇಳಲಿಲ್ಲವಂತೆ.

ಪಂದ್ಯದ ದಿನ ಆ ಜಾಗಕ್ಕೆ ಅವಳೇ ಯಜಮಾನಿ. ಎರಡು ಬದಿಗೂ ದೂರಕ್ಕೆ ಹಗ್ಗ ಕಟ್ಟಿಸಿ, ಹಗ್ಗದ ಹೊರಗೆ ನಿಂತು, ಕೈಯಲ್ಲಿ ಹುಣಿಸೆ ಬರಲು, ಅಂದರೆ ಕಡ್ಡಿಯಂಥ ಕೋಲು, ಹಿಡಿದಿದ್ದಳು. ಮೊರ ತಂದ ಹೆಂಗಸರಿಗೆಲ್ಲ ಬೈಗುಳ. ‘ಏಯ್, ಆ ಮೊರ ತಕ್ಕೊಂಡ್ ಓಗಿ ರಾಗಿ ಕೇರಮ್ಮಿ!’ ಐಸ್ ಗಾಡಿಯವನು ಹಗ್ಗದೊಳಗೆ ಚಕ್ರ ಇಟ್ಟದ್ದಕ್ಕೆ ಅವನ ಗಂಟೆ ಕಸಿದುಕೊಂಡಳು. ಪೊಲೀಸಿನವನೊಬ್ಬ ಗತ್ತಿನಲ್ಲಿ ಒಳಗೆ ಅಡ್ಡಾಡುತ್ತಿದ್ದ, ಅವನನ್ನೂ ‘ತಂಬಿ, ವೆಳಿಯ ಪೋ’ ಅಂತ ಆಚೆ ಅಟ್ಟಿದಳು. ಅವನು ಟೋಪಿ ಸರಿಮಾಡಿಕೊಂಡು ಹೊರಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಜನ ಅವಳಿಗೆ ಬ್ರೇಕಮ್ಮ ಅಂತ ಹೆಸರಿಟ್ಟಾಗಿತ್ತು. ಗಾಡಿಗಳು ಬಂದವು, ಗೆರೆ ದಾಟಿದವು, ಖಾಲಿ ಬಯಲಿನಲ್ಲಿ ತಮ್ಮ ಪಾಡಿಗೆ ನಿಧಾನವಾದವು, ನಿಂತವು. ಬ್ರೇಕಿನ ತಂತಿ ಕಿತ್ತುಹೋದ ಒಬ್ಬ ಮಾತ್ರ ಉತ್ತ ಮಣ್ಣಿಗೆ ಹೋಗಿ ಮಂಡಿಯುದ್ದ ಹೂತು ಕೂತ. ಮಣ್ಣು ತಿಂದ ಬಾಯಲ್ಲೇ ನಗುತ್ತಿದ್ದ.

ಕೊನೆಯ ಓಟ ನಮ್ಮ ತಮ್ಮನದು. ಓಡುವುದಿಲ್ಲ ಅಂದಿದ್ದವನನ್ನು ನಾನೇ ಕಾಡಿ ಹೊರಡಿಸಿದ್ದೆ. ಈ ಸಲ ಅವನ ದಾರಿಯಲ್ಲಿ ಯಾರೂ ಎದುರು ನಿಂತಿರಲಿಲ್ಲ. ಗೆರೆಯ ಹತ್ತಿರವೂ ಅವನ ಕೈ ಸಡಿಲವಾಗಲಿಲ್ಲ. ಗೆದ್ದ. ಅನುಮಾನಕ್ಕೆ ಎಡೆಯೇ ಇಲ್ಲದಂತೆ ಗೆದ್ದ. ಬಯಲೇ ಎದ್ದು ಕೂಗಿತು, ಹೋದ ವರ್ಷ ಹೇಡಿ ಅಂದ ಬಾಯಿಗಳೇ. ನಾನು ಕುಣಿದುಬಿಟ್ಟೆ, ಎರಡು ಮಕ್ಕಳ ತಾಯಿ ಅನ್ನುವುದೂ ಮರೆತು.

ತಿರುಗಿ ಅವ್ವನ ಕಡೆ ನೋಡಿದೆ. ಅವಳು ಬಯಲಿಗೆ ಬೆನ್ನು ಹಾಕಿ ನಿಂತಿದ್ದಳು. ಗದ್ದಲದಲ್ಲಿ ಹಗ್ಗ ದಾಟಲು ಬರುತ್ತಿದ್ದ ಜನರನ್ನು ಬರಲು ಬೀಸಿ ತಡೆಯುತ್ತಿದ್ದಳು. ಅವತ್ತು ಒಂದು ಓಟವನ್ನೂ ಅವಳು ನೋಡಿರಲಿಲ್ಲ. ನೋಡಲು ತಿರುಗಿದರೆ ಜನ ನುಗ್ಗುತ್ತಿದ್ದರು.

ತಮ್ಮ ಗಾಡಿ ತಳ್ಳಿಕೊಂಡು ಹಗ್ಗದ ಹತ್ತಿರ ಬಂದ. ‘ಎಲ್ರೂ ನಿಂತ್ರಾ?’ ಅಂತ ಅವ್ವ ಮೊದಲು ಕೇಳಿದಳು.

‘ನಿಂತ್ರವ್ವ. ನಾನ್ ಗೆದ್ದೆ.’

ಅವ್ವನ ಮುಖ ಅರಳಿತು, ಅರಳಿದ್ದು ಅಲ್ಲೇ ನಿಂತಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು. ‘ನಾನ್ ನೋಡ್ನಿಲ್ಲ ಕಣ್ಲಾ ಮಗ’ ಅಂದಳು.

ತಮ್ಮ ಗಾಡಿ ತಿರುಗಿಸಿದ. ಹೊರಡುವ ಗೆರೆಯವರೆಗೂ ತಳ್ಳಿಕೊಂಡೇ ಹೋದ. ಏನು ನಡೆಯುತ್ತಿದೆ ಅಂತ ಜನರಿಗೆ ಹೇಗೆ ತಿಳಿಯಿತೋ, ಗದ್ದಲ ಇಳಿಯಿತು. ಮಾವ ಮೈಕು ಆರಿಸಿ ಪಕ್ಕಕ್ಕಿಟ್ಟರು. ಅವ್ವ ಬರಲನ್ನು ನನ್ನ ಕೈಗೆ ಕೊಟ್ಟು, ‘ಯಾರ್ನೂ ಬಿಡ್ಬೇಡ’ ಅಂದು, ಬಯಲ ಕಡೆ ತಿರುಗಿ ಹಗ್ಗ ಹಿಡಿದುಕೊಂಡಳು.

ಅವನು ಒಬ್ಬನೇ ಬಂದ, ಪಂದ್ಯಕ್ಕಿಂತಲೂ ಜೋರಾಗಿ. ಗೆರೆ ದಾಟಿದ. ನಮ್ಮ ಮುಂದೆಯೇ ಹಾದು, ಖಾಲಿ ಬಯಲಿನಲ್ಲಿ ದೂರ ದೂರ ಹೋಗಿ, ಚಿಕ್ಕದಾಗಿ, ಉತ್ತ ನೆಲದ ಈಚೆಗೆ ನಿಂತ. ನಿಂತು ಒಂದು ಕಾಲು ನೆಲಕ್ಕೆ ಊರಿದ. ಅದು ಕಂಡದ್ದೇ ತಡ, ಹಗ್ಗದೊಳಗೆ ಯಾರನ್ನೂ ಬಿಡದ ನಮ್ಮವ್ವ ಹಗ್ಗದ ಕೆಳಗೆ ತೂರಿ, ಸೆರಗು ಜಾರಿದ್ದೂ ಗೊತ್ತಿಲ್ಲದೆ, ಅವನು ನಿಂತ ಕಡೆಗೆ ಓಡಿದಳು.